ಅಪ್ಪನ ಡಿಸ್ಚಾರ್ಜ್ ಬುಕ್ಕಿನಲ್ಲಿ ಪೂರ್ವಿ ಸ್ಟಾರ್ ಮೆಡಲ್ ಇಲ್ಲ, ಸೇರಿಸೋದು ಹೇಗೆ?

ಪ್ರಶ್ನೆ ಕೇಳಿದವರು: ಅರಕಲಗೂಡಿನವ

ನಮಸ್ಕಾರ. ಮಾಜಿ ಸೈನಿಕರು, ಅವರ ಮನೆಯವರು ಯಾರಾದರೂ ಇದ್ದರೆ ದಯವಿಟ್ಟು ದಾರಿ ತೋರಿಸಿ.

ನಮ್ಮಪ್ಪ 1967ರಲ್ಲಿ ಡ್ರೈವರ್ ಆಗಿ ಸೈನ್ಯಕ್ಕೆ ಸೇರಿದರು. 1984ರಲ್ಲಿ ನಾಯಕ್ ಆಗಿ ಪೆನ್ಶನ್ ಮೇಲೆ ಊರಿಗೆ ಬಂದರು. ಈಗ 77 ವರ್ಷ. ಕಿವಿ ಸ್ವಲ್ಪ ಮಂದ, ನೆನಪು ಮಾತ್ರ ನನಗಿಂತ ಚೆನ್ನಾಗಿದೆ. ಯಾವ ಪಲ್ಟನ್ ಅಂತ ಇಲ್ಲಿ ಬರೆಯೋದಿಲ್ಲ, ಅಪ್ಪನಿಗೆ ಇಷ್ಟ ಆಗಲ್ಲ.

1971ರ ಡಿಸೆಂಬರಿನಲ್ಲಿ ಅವರು ಅಗರ್ತಲಾ ಕಡೆಯಿಂದ ಶಕ್ತಿಮಾನ್ ಲಾರಿ ಓಡಿಸಿಕೊಂಡು ಗಡಿ ದಾಟಿದವರು. ಅಖೌರಾ, ಆಮೇಲೆ ಆಶುಗಂಜ್. ಮೇಘನಾ ನದಿ ಮೇಲಿನ ರೈಲು ಸೇತುವೆಯನ್ನು ಪಾಕಿಸ್ತಾನದವರು ಒಡೆದು ಹಾಕಿದ್ದರಂತೆ. ಕಬ್ಬಿಣದ ಕಮಾನು ಮುರಿದು ನೀರಿಗೆ ಬಿದ್ದಿದ್ದನ್ನು ಅಪ್ಪ ಇವತ್ತಿಗೂ ಕೈ ಮಡಚಿ ತೋರಿಸುತ್ತಾರೆ. ಜವಾನರನ್ನು ಹೆಲಿಕಾಪ್ಟರಿನಲ್ಲಿ ಆ ದಡಕ್ಕೆ ದಾಟಿಸಿದರು, ಲಾರಿಗಳು ಈ ದಡದಲ್ಲೇ ಉಳಿದವು. 'ಢಾಕಾ ನೋಡೋದು ತಪ್ಪಿಹೋಯಿತು' ಅನ್ನೋದು ಅವರ ಹಳೆಯ ಕೊರಗು.

ವಿಷಯ ಇಷ್ಟು. ಅವರ ಡಿಸ್ಚಾರ್ಜ್ ಬುಕ್ಕಿನ (ಸೈನ್ಯದಿಂದ ಬಿಡುಗಡೆ ಆಗುವಾಗ ಕೊಡುವ ಸೇವಾ ಪುಸ್ತಕ) ಮೆಡಲ್ ಕಾಲಮ್ಮಿನಲ್ಲಿ ಸಂಗ್ರಾಮ್ ಮೆಡಲ್, ಬೆಂಗಾಲ್-ಅಸ್ಸಾಂ ಕ್ಲಾಸ್ಪ್ (ಸೇವೆ ಮಾಡಿದ ಜಾಗದ ಹೆಸರಿರುವ, ರಿಬ್ಬನ್ ಮೇಲಿನ ಪಟ್ಟಿ) ಜೊತೆ ಸೈನ್ಯ ಸೇವಾ ಮೆಡಲ್, ಸ್ವಾತಂತ್ರ್ಯದ 25ನೇ ವರ್ಷದ ಮೆಡಲ್, 9 ವರ್ಷದ ಲಾಂಗ್ ಸರ್ವಿಸ್ ಮೆಡಲ್ ಇವೆ. ಪೂರ್ವಿ ಸ್ಟಾರ್ ಇಲ್ಲ. 71ರ ಯುದ್ಧದಲ್ಲಿ ಪೂರ್ವದ ರಂಗದಲ್ಲಿ ಇದ್ದವರಿಗೆ ಕೊಟ್ಟ ಮೆಡಲ್ ಅದು. ಅಪ್ಪ ಯಾವತ್ತೂ ಬಾಯಿ ಬಿಟ್ಟಿರಲಿಲ್ಲ. ಹೋದ ವರ್ಷ ಡಿಸೆಂಬರ್ 16ಕ್ಕೆ ತಾಲ್ಲೂಕಿನಲ್ಲಿ ಮಾಜಿ ಸೈನಿಕರಿಗೆ ಸನ್ಮಾನ ಇತ್ತು. ಪಕ್ಕದ ಊರಿನ ಅವರದೇ ವಯಸ್ಸಿನವರು ಒಬ್ಬರು ಅಪ್ಪನ ಎದೆ ನೋಡಿ, 'ನೀನು ಈಸ್ಟಿನಲ್ಲಿ ಇದ್ದೆ ಅಂತಿದ್ದೆಯಲ್ಲಪ್ಪ, ಸ್ಟಾರ್ ಎಲ್ಲಿ?' ಅಂತ ಕೇಳಿಬಿಟ್ಟರು. ತಮಾಷೆಗೇ ಕೇಳಿದ್ದು. ಅಪ್ಪ ಊಟ ಮಾಡದೆ ಬಸ್ ಹತ್ತಿದರು.

ಕಂಟೋನ್ಮೆಂಟ್ ಹತ್ತಿರ ಮೆಡಲ್ ಮಾರುವ ಅಂಗಡಿಗಳಿವೆ, ಒಂದು ತಂದುಕೊಡಲಾ ಅಂತ ಕೇಳಿದೆ. ಅಪ್ಪ ಟ್ರಂಕಿನಿಂದ ಸಂಗ್ರಾಮ್ ಮೆಡಲ್ ತೆಗೆದು ಅಂಚನ್ನು ನನ್ನ ಕಣ್ಣಿಗೆ ಹಿಡಿದರು. ಅಲ್ಲಿ ಸಣ್ಣ ಅಕ್ಷರದಲ್ಲಿ ಅವರ ನಂಬರು, ಹೆಸರು ಕೊರೆದಿದೆ. 'ಇದಿಲ್ಲದ್ದು ನಂದಲ್ಲ' ಅಂದರು. ಅಲ್ಲಿಗೆ ಅಂಗಡಿ ವಿಷಯ ಮುಗಿಯಿತು.

ಆಮೇಲೆ ಸೈನಿಕರ ದಾಖಲೆ ಇಡುವ ಆಫೀಸಾದ ರೆಕಾರ್ಡ್ಸ್‌ಗೆ 'ದಯವಿಟ್ಟು ಪೂರ್ವಿ ಸ್ಟಾರ್ ಕೊಡಿಸಿ' ಅಂತ ಅರ್ಜಿ ಹಾಕಿದೆ. ನಾಲ್ಕು ತಿಂಗಳಿಗೆ ಒಂದೇ ಸಾಲಿನ ಉತ್ತರ ಬಂತು: ದಾಖಲೆಯ ಪ್ರಕಾರ ಇವರಿಗೆ ಈ ಮೆಡಲ್ ಮಂಜೂರಾಗಿಲ್ಲ. ಮುಂದೇನು ಮಾಡಲಿ?

ಉತ್ತರ 1: ಸುಮ್ನೆ ಒಂದು ಮಾತು

ಬೇಜಾರಾಗಬೇಡಿ ಸರ್. ಪೂರ್ವಿ ಸ್ಟಾರ್‌ಗೆ ಒಂದು ರೂಪಾಯಿ ಭತ್ಯೆ ಇಲ್ಲ. ವೀರ ಚಕ್ರ, ಸೇನಾ ಮೆಡಲ್ ಥರದ ಶೌರ್ಯ ಪದಕ ಆದರೆ ದುಡ್ಡು ಬರುತ್ತೆ, ಓಡಾಡಿದರೂ ಅರ್ಥ ಇದೆ. ಈ ವಯಸ್ಸಿನಲ್ಲಿ ಹಿರಿಯರನ್ನು ಯಾಕೆ ಅಲೆಸುತ್ತೀರಿ?

ಉತ್ತರ 2: ಹಳೇ ಬಾಬು (ನಿವೃತ್ತ ಹವಾಲ್ದಾರ್ ಕ್ಲರ್ಕ್)

ಮೇಲಿನವರು ದುಡ್ಡಿನ ಲೆಕ್ಕ ಹೇಳಿದ್ದಾರೆ, ಲೆಕ್ಕ ಸರಿಯಾಗಿದೆ. ಆದರೆ ಅವರು ಕೇಳಿದ್ದು ಅದಲ್ಲ ಅಲ್ವಾ.

ನಾನು 24 ವರ್ಷ ಸೈನ್ಯದಲ್ಲಿ ಪೆನ್ನು ಹಿಡಿದವನು. ಅದರಲ್ಲಿ ಒಂದಷ್ಟು ವರ್ಷ ಇಂಥ ಅರ್ಜಿಗಳಿಗೆ ಆ ಒಂದು ಸಾಲಿನ ಉತ್ತರ ಟೈಪ್ ಮಾಡಿದವನೂ ನಾನೇ. ಹಾಗಾಗಿ ಕೇಳಿ.

ನೀವು ತಪ್ಪು ಪ್ರಶ್ನೆ ಕೇಳಿದ್ದೀರಿ. 'ಮೆಡಲ್ ಕೊಡಿ' ಅಂದರೆ ಕ್ಲರ್ಕ್ ಶೀಟ್ ರೋಲ್ (ಜವಾನನ ಸೇವಾ ದಾಖಲೆ) ತೆಗೆಯುತ್ತಾನೆ, ಮೆಡಲ್ ಕಾಲಮ್ ನೋಡುತ್ತಾನೆ, ಇಲ್ಲ ಅಂತ ಬರೆಯುತ್ತಾನೆ. ಅವನ ಕೆಲಸ ಮುಗಿಯಿತು. ಅವನು ಸುಳ್ಳೇನೂ ಹೇಳಿಲ್ಲ. ಕಾಲಮ್ಮಿನಲ್ಲಿ ಯಾಕಿಲ್ಲ ಅನ್ನೋದನ್ನು ಹುಡುಕಬೇಕಾದವರು ನೀವು.

ಮೆಡಲ್ ಬುಕ್ಕಿಗೆ ಹತ್ತೋದು ಹೀಗೆ. ಯುದ್ಧ ಮುಗಿದ ಮೇಲೆ ಯೂನಿಟ್ಟು ಅರ್ಹರ ನಾಮಿನಲ್ ರೋಲ್ (ಹೆಸರಿನ ಪಟ್ಟಿ) ಮಾಡುತ್ತದೆ. ಮಂಜೂರಾದ ಮೇಲೆ ಪಾರ್ಟ್ ಟು ಆರ್ಡರ್ (ಜವಾನರ ಸೇವಾ ವಿವರ ದಾಖಲಿಸುವ ಯೂನಿಟ್ಟಿನ ಆದೇಶ) ಹೊರಡುತ್ತದೆ. ಅದರ ಪ್ರತಿ ರೆಕಾರ್ಡ್ಸ್‌ಗೆ ಹೋಗಿ, ಅಲ್ಲಿ ಜವಾನನ ಶೀಟ್ ರೋಲ್‌ನಲ್ಲಿ ಕೈಯಲ್ಲಿ ಬರೆಯುತ್ತಾರೆ. ರಿಟೈರ್ ಆಗುವಾಗ ಆ ಶೀಟ್ ರೋಲ್ ನೋಡಿ ಡಿಸ್ಚಾರ್ಜ್ ಬುಕ್ ತುಂಬುತ್ತಾರೆ. ನಾಲ್ಕು ಕೈ ದಾಟಿ ಬರಬೇಕು. ಎಲ್ಲಿ ಬೇಕಾದರೂ ಕೊಂಡಿ ಕಳಚಬಹುದು. ರೋಲ್ ಮಾಡುವ ಹೊತ್ತಿಗೆ ಮನುಷ್ಯ ಆಸ್ಪತ್ರೆಯಲ್ಲಿರಬಹುದು, ಬೇರೆ ಕಡೆ ಪೋಸ್ಟಿಂಗ್ ಆಗಿರಬಹುದು. ಡ್ರೈವರುಗಳದ್ದಂತೂ ಬೇರೆಯದೇ ಕಥೆ. ಲಾರಿ ಎಲ್ಲಿ ಬೇಕೋ ಅಲ್ಲಿಗೆ ಅಟ್ಯಾಚ್ ಮಾಡಿ ಕಳಿಸಿಬಿಡುತ್ತಿದ್ದರು. ಊಟ ಒಂದು ಯೂನಿಟ್ಟಿನ ಲಂಗರಿನಲ್ಲಿ, ಹೆಸರು ಇನ್ನೊಂದು ಯೂನಿಟ್ಟಿನ ಲೆಕ್ಕದಲ್ಲಿ.

ಅದಕ್ಕೇ ಮೊದಲು ಅಪ್ಪನನ್ನು ಒಂದೇ ಒಂದು ಪ್ರಶ್ನೆ ಕೇಳಿ. 1971ರ ಡಿಸೆಂಬರ್ 3ರಿಂದ 16ರವರೆಗೆ ನೀವು ಯಾವ ಯೂನಿಟ್ಟಿಗೆ ಅಟ್ಯಾಚ್ ಆಗಿದ್ದಿರಿ? 'ನಿಮ್ಮ ಯೂನಿಟ್ ಯಾವುದು' ಅಂತ ಕೇಳಬೇಡಿ, ಅವರು ತಮ್ಮ ಮೂಲ ಯೂನಿಟ್ಟನ್ನೇ ಹೇಳುತ್ತಾರೆ.

ಆಮೇಲೆ ಆರ್‌ಟಿಐ ಹಾಕಿ. ಸೈನ್ಯ ಆರ್‌ಟಿಐಗೆ ಒಳಪಡುತ್ತದೆ. ಬಿಎಸ್‌ಎಫ್, ಸಿಆರ್‌ಪಿಎಫ್‌ಗೆ ವಿನಾಯಿತಿ ಇರೋದರಿಂದ ಸೈನ್ಯಕ್ಕೂ ಇದೆ ಅಂತ ತುಂಬ ಜನ ಅಂದುಕೊಂಡಿದ್ದಾರೆ. 10 ರೂಪಾಯಿ ಫೀಸು, 30 ದಿನದಲ್ಲಿ ಉತ್ತರ ಕೊಡಬೇಕು. ಅರ್ಜಿಗೆ ಅಪ್ಪನೇ ಸಹಿ ಹಾಕಲಿ. ನೀವು ಹಾಕಿದರೆ ಬೇರೆಯವರ ಖಾಸಗಿ ಮಾಹಿತಿ ಅಂತ ವಾಪಸ್ ಕಳಿಸುತ್ತಾರೆ. ಮೆಡಲ್ ಸುದ್ದಿ ಎತ್ತಬೇಡಿ, ಕಾಗದ ಮಾತ್ರ ಕೇಳಿ. ಒಂದು, ಶೀಟ್ ರೋಲ್‌ನ ದೃಢೀಕರಿಸಿದ ಪ್ರತಿ. ಎರಡು, ಪೂರ್ವಿ ಸ್ಟಾರ್ ಬಗ್ಗೆ ಮೂಲ ಯೂನಿಟ್ಟು, ಅಟ್ಯಾಚ್ ಆಗಿದ್ದ ಯೂನಿಟ್ಟು ಎರಡೂ ಹೊರಡಿಸಿದ ಪಾರ್ಟ್ ಟು ಆರ್ಡರ್‌ಗಳಲ್ಲಿ ಅಪ್ಪನ ಹೆಸರಿರುವ ಪುಟ. ಈ ಎರಡನೆಯದೇ ಮುಖ್ಯ.

ನಿಮ್ಮಪ್ಪ ಪೆನ್ಶನರ್ ಆಗಿರೋದು ಪುಣ್ಯ. ಪೆನ್ಶನ್ ಇಲ್ಲದೆ ಹೊರಬಂದವರ ಕಾಗದಗಳನ್ನು 25 ವರ್ಷ ಆದ ಮೇಲೆ ನಾಶ ಮಾಡುತ್ತಾರೆ, ಲಾಂಗ್ ರೋಲ್ ಅನ್ನೋ ಹೆಸರುಗಳ ರಿಜಿಸ್ಟರಿನ ಒಂದು ಸಾಲು ಬಿಟ್ಟರೆ ಏನೂ ಸಿಗೋದಿಲ್ಲ.

ಮನೆಯಲ್ಲಿ ಹಳೆಯ ಕಾಗದ ಹುಡುಕಿ. ಮನಿಯಾರ್ಡರ್ ರಸೀದಿ, ಇನ್‌ಲ್ಯಾಂಡ್ ಪತ್ರ, ಏನಿದ್ದರೂ. ವಿಳಾಸದಲ್ಲಿ 99 ಎಪಿಒ (ಎಪಿಒ ಅಂದರೆ ಸೈನ್ಯದ ಅಂಚೆ ಕಚೇರಿ) ಇದ್ದರೆ ಪೂರ್ವದ ಕಡೆ, 56 ಎಪಿಒ ಇದ್ದರೆ ಉತ್ತರ, ಪಶ್ಚಿಮದ ಕಡೆ. ಫೀಲ್ಡ್ ಪೋಸ್ಟ್ ಆಫೀಸಿನ ಮೊಹರಿನ ತಾರೀಖು ಓದಲು ಬಂದರೆ ಇನ್ನೂ ಒಳ್ಳೆಯದು. ಇದೊಂದೇ ಸಾಲದು, ಆದರೆ ಫೈಲ್‌ಗೆ ಬಲ ಬರುತ್ತೆ. ಬೆಂಗಾಲ್-ಅಸ್ಸಾಂ ಕ್ಲಾಸ್ಪ್ ಇದೆಯಲ್ಲ, ಅದನ್ನೂ ಬಿಡಬೇಡಿ. ಮನುಷ್ಯ ಆ ಕಡೆ ಇದ್ದ ಅಂತ ಅವರದೇ ಪುಸ್ತಕ ಹೇಳುತ್ತಿದೆ.

ಅಟ್ಯಾಚ್ ಆಗಿದ್ದ ಯೂನಿಟ್ಟು ಈಗಲೂ ಇದ್ದರೆ ಅದರ ಸುಬೇದಾರ್ ಮೇಜರ್ ಸಾಹೇಬರಿಗೆ ಒಂದು ಕಾಗದ ಬರೆಯಿರಿ. ಆಫೀಸಿನ ಭಾಷೆ ಬೇಡ. '71ರಲ್ಲಿ ನಿಮ್ಮ ಜೊತೆ ಗಾಡಿ ಓಡಿಸಿದವನು' ಅಂತ ಶುರು ಮಾಡಿ. ಹತ್ತು ಅರ್ಜಿ ಮಾಡದ ಕೆಲಸವನ್ನು ಇಂಥ ಒಂದು ಕಾಗದ ಮಾಡಿದ್ದನ್ನು ನೋಡಿದ್ದೇನೆ.

ಸ್ಪರ್ಶ್ ಪೋರ್ಟಲ್‌ನಲ್ಲಿ ದೂರು ಹಾಕೋಕೆ ಹೋಗಬೇಡಿ. ಅದು ಪೆನ್ಶನ್‌ಗೆ ಇರೋದು.

ಉತ್ತರ 3: ಮಡಿಕೇರಿ ಸೊಸೆ

ಬಾಬು ಅವರು ಹೇಳಿದ್ದು ನಿಜ. ನಮ್ಮ ಮಾವ ಶಾಂತಿಪಾಲನಾ ಪಡೆಯಲ್ಲಿ ಶ್ರೀಲಂಕಾಕ್ಕೆ ಹೋಗಿದ್ದವರು. ಶ್ರೀಲಂಕಾ ಕ್ಲಾಸ್ಪ್ ಇರುವ ಸ್ಪೆಷಲ್ ಸರ್ವಿಸ್ ಮೆಡಲ್ ಅವರ ಬುಕ್ಕಿನಲ್ಲಿ ಇರಲಿಲ್ಲ. ಅವರು ತೀರಿಕೊಂಡ ಮೇಲೆ ಅತ್ತೆ ಹೆಸರಿನಲ್ಲಿ, ಅವರ ಫ್ಯಾಮಿಲಿ ಪೆನ್ಶನ್ ಪಿಪಿಒ (ಪೆನ್ಶನ್ ಆದೇಶ ಪತ್ರ) ಜೊತೆಗಿಟ್ಟು ಬರೆದೆವು. ಜಿಲ್ಲಾ ಸೈನಿಕ ಕಲ್ಯಾಣ ಇಲಾಖೆಯವರು ಅರ್ಜಿ ನೋಡಿ ಕವರಿಂಗ್ ಲೆಟರ್ ಹಾಕಿ ಕಳಿಸಿದರು. ಹದಿನಾಲ್ಕು ತಿಂಗಳು ಹಿಡಿಯಿತು.

ಒಂದು ಮಾತು. ಎಲ್ಲ ಕಾಗದದಲ್ಲೂ ಹೆಸರಿನ ಇಂಗ್ಲಿಷ್ ಸ್ಪೆಲ್ಲಿಂಗ್ ಡಿಸ್ಚಾರ್ಜ್ ಬುಕ್ಕಿನಲ್ಲಿ ಇರೋ ಹಾಗೇ ಬರೆಯಿರಿ. ಆಧಾರ್‌ನಲ್ಲಿ ಇರೋ ಹಾಗೆ ಬರೆದು ನಾವು ಐದು ತಿಂಗಳು ಕಳೆದುಕೊಂಡೆವು.

ಪ್ರಶ್ನೆ ಕೇಳಿದವರು, ಏಳು ತಿಂಗಳ ನಂತರ: ಅರಕಲಗೂಡಿನವ

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ.

ಬಾಬು ಸರ್, ನೀವು ಹೇಳಿದ ಹಾಗೇ ಕೇಳಿದೆ. ಅಟ್ಯಾಚ್ ಅನ್ನೋ ಮಾತು ಕಿವಿಗೆ ಬಿದ್ದ ತಕ್ಷಣ ಅಪ್ಪ ಬೇರೆಯದೇ ಯೂನಿಟ್ಟಿನ ಹೆಸರು ಹೇಳಿದರು. ಐವತ್ತು ವರ್ಷದಲ್ಲಿ ನಾವ್ಯಾರೂ ಆ ಹೆಸರು ಕೇಳಿರಲಿಲ್ಲ. ಅಮ್ಮನ ಮದುವೆ ಸೀರೆಯ ಮಡಿಕೆಯೊಳಗೆ ಎರಡು ಇನ್‌ಲ್ಯಾಂಡ್ ಪತ್ರ ಸಿಕ್ಕಿದವು, ಎರಡರಲ್ಲೂ 99 ಎಪಿಒ. ಒಂದರ ಮೊಹರು ಅಳಿಸಿಹೋಗಿದೆ. ಇನ್ನೊಂದರಲ್ಲಿ ಡಿಸೆಂಬರ್ 71 ಅಂತ ಓದಬಹುದು. ಒಳಗೆ ಯುದ್ಧದ ಸುದ್ದಿ ಒಂದಕ್ಷರ ಇಲ್ಲ. ಕರಿ ಎಮ್ಮೆ ಕರು ಹಾಕಿತಾ ಅಂತ ಕೇಳಿದ್ದಾರೆ.

ಆರ್‌ಟಿಐ ಉತ್ತರ ಹೋದ ವಾರ ಬಂತು. ಶೀಟ್ ರೋಲ್‌ನಲ್ಲಿ ಪೂರ್ವಿ ಸ್ಟಾರ್ ಇಲ್ಲ. ಆದರೆ ಅಟ್ಯಾಚ್ ಆಗಿದ್ದ ಯೂನಿಟ್ಟಿನ ಪಾರ್ಟ್ ಟು ಆರ್ಡರ್‌ನ ಒಂದು ಪುಟ ಕಳಿಸಿದ್ದಾರೆ. ಟೈಪ್‌ರೈಟರ್ ಅಕ್ಷರ, ಕಾರ್ಬನ್ ಕಾಪಿಯ ಜೆರಾಕ್ಸ್, ಅರ್ಧ ಮಸುಕು. ನಾನು ಹೆಸರು ನೋಡಿ ಕೂಗಿಯೇಬಿಟ್ಟೆ. ಅಪ್ಪ ಕನ್ನಡಕ ಹಾಕಿಕೊಂಡು ಹೆಸರು ಬಿಟ್ಟು ನಂಬರಿನ ಮೇಲೆ ಬೆರಳಿಟ್ಟರು. ಒಂದೊಂದೇ ಅಂಕಿ ಜೋರಾಗಿ ಓದಿದರು. ಕೊನೆಯ ಎರಡು ಅಂಕಿಗೆ ಬಂದು ನಿಂತರು. 48 ಇರಬೇಕಾದ ಕಡೆ 84 ಅಂತ ಹೊಡೆದಿದ್ದಾರೆ.

ರ್‍ಯಾಂಕ್ ಸರಿ, ಹೆಸರು ಸರಿ, ಡ್ರೈವರ್ ಅನ್ನೋದೂ ಸರಿ. ನಂಬರ್ ಮಾತ್ರ ಬೇರೆ ಯಾರದೋ. 'ಹಂಗಾದ್ರೆ ಕೊಟ್ಟಿದ್ರು' ಅಂದರು ಅಪ್ಪ. ಆಮೇಲೆ ಎದ್ದು ಹೋಗಿ ಎಮ್ಮೆಗೆ ಹುಲ್ಲು ಹಾಕಿದರು. ಕಾಲು ಗಂಟೆ ಬರಲೇ ಇಲ್ಲ.

ಈಗ ಮುಂದಿನ ಹೆಜ್ಜೆ ಏನು ಸರ್?

ಉತ್ತರ 4: ಹಳೇ ಬಾಬು

84! ಆ ಟೈಪಿಸ್ಟ್ ನನ್ನ ಕೈಗೆ ಸಿಗಬೇಕಿತ್ತು.

ಅರ್ಧಕ್ಕಿಂತ ಜಾಸ್ತಿ ಕೆಲಸ ಆಗಿದೆ. ಈಗ ಮೆಡಲ್ ಅರ್ಜಿ ಬೇಡ, ತಿದ್ದುಪಡಿ ಅರ್ಜಿ ಹಾಕಿ. ರೆಕಾರ್ಡ್ಸ್‌ನ ಆಫೀಸರ್ ಇನ್ ಚಾರ್ಜ್‌ಗೆ ಬರೆಯಿರಿ. ಇಂಥ ಪಾರ್ಟ್ ಟು ಆರ್ಡರ್‌ನಲ್ಲಿ ಆರ್ಮಿ ನಂಬರ್ ತಪ್ಪಾಗಿ ಬಿದ್ದಿದೆ, ಸರಿಪಡಿಸಿ ಶೀಟ್ ರೋಲ್‌ನಲ್ಲಿ ನಮೂದಿಸಿ, ಡಿಸ್ಚಾರ್ಜ್ ಬುಕ್ಕಿನಲ್ಲೂ ಎಂಟ್ರಿ ಮಾಡಿಕೊಡಿ ಅಂತ ಕೇಳಿ. ಆ ಪುಟ, ಡಿಸ್ಚಾರ್ಜ್ ಬುಕ್ಕಿನ ಮೊದಲ ಪುಟ, ಪತ್ರದ ಜೆರಾಕ್ಸ್ ಜೊತೆಗಿಡಿ. 84 ನಂಬರಿನ ಮನುಷ್ಯ ಆ ಯೂನಿಟ್ಟಿನಲ್ಲಿ ಇದ್ದನೋ ಇಲ್ಲವೋ ಪರಿಶೀಲಿಸಿ ಅಂತಲೂ ಒಂದು ಸಾಲು ಸೇರಿಸಿ. ಅವನು ಇನ್ನೆಲ್ಲೋ ಇದ್ದ ಅಂತ ಅವರೇ ಕಂಡುಕೊಂಡರೆ ನಿಮ್ಮ ವಾದ ಅವರ ಬಾಯಲ್ಲೇ ಬಂದಂತೆ.

ಒರಿಜಿನಲ್ ಡಿಸ್ಚಾರ್ಜ್ ಬುಕ್ ಅಂಚೆಯಲ್ಲಿ ಕಳಿಸಬೇಡಿ. ಎಂಟ್ರಿ ಮಾಡಲು ಅವರು ಕರೆದಾಗ ಅಪ್ಪನನ್ನು ಕರೆದುಕೊಂಡು ಹೋಗಿ, ಕೈಯಲ್ಲೇ ಕೊಟ್ಟು ಕೈಯಲ್ಲೇ ತನ್ನಿ. ಮೆಡಲ್ ಬರೋದು ಅದಕ್ಕಿಂತ ತಡ ಆಗುತ್ತೆ, ಆಗಲಿ ಬಿಡಿ.

ಆಮೇಲೆ, ಎಮ್ಮೆ ಕರು ಹಾಕಿತ್ತಾ?