ಪದಚರ್ಚೆ: ಕಣ್ಣಂಚಿನ ಗೆರೆಗೆ ‘ಕಾಗೆಪಾದ’ ಬೇಡ, ಟಾಕ್ಸಿನ್‌ಗೆ ‘ನಂಜು’ ಬೇಡ

ಕಣ್ಣ ಸುತ್ತಲ ಗೆರೆ, ಗುಳಿ, ಊತಕ್ಕೆ ಕೊಯ್ಯದೆ ಮಾಡುವ ಚಿಕಿತ್ಸೆಗಳ ಹೋಲಿಕೆ ಪಟ್ಟಿಗೆ ಕನ್ನಡ ಪದ ಕೇಳಿದ್ದೀರಿ, ಗೆಳೆಯರು ಆಗಲೇ ಕೆಲವು ಪದ ಸೂಚಿಸಿದ್ದಾರೆ. ಪಟ್ಟಿ ಇವತ್ತು ರಾತ್ರಿಯೇ ಅಚ್ಚಿಗೆ ಹೋಗಬೇಕು ಅಂದಿದ್ದೀರಿ. ಹಾಗಾಗಿ ಮೊದಲು ಉತ್ತರ, ಆಮೇಲೆ ತಕರಾರು.

ಕಣ್ಣಿನ ಹೊರತುದಿಯಿಂದ ಹರಡುವ ಗೆರೆಗಳಿಗೆ ‘ಕಡೆಗಣ್ಣ ಗೆರೆ’ ಅಂತ ಹಾಕಿ. ಕಡೆಗಣ್ಣು ಹಳೆಯ ಅಂಶಿಸಮಾಸ (ಕಣ್ಣಿನ ಕಡೆ), ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ‘ಕಾಗೆಪಾದ’ ಖಂಡಿತ ಬೇಡ. ಇಂಗ್ಲಿಷಿನವರಿಗೆ ಆ ಗೆರೆಗಳಲ್ಲಿ ಕಾಗೆಯ ಪಾದ ಕಂಡಿತು, ಸರಿ. ನಮ್ಮಲ್ಲಿ ಕಾಗೆಕಾಲು ಗುಬ್ಬಿಕಾಲು ಅಂದರೆ ಕೆಟ್ಟ ಕೈಬರಹ. ಆ ಮಾತಿಗೆ ಆಗಲೇ ಬೇರೆ ಕೆಲಸ ಇದೆ. ‘ನೇತ್ರಸುಕ್ಕು’ ಅಂದವರಿಗೆ ಒಂದೇ ಉತ್ತರ: ಅರಿಸಮಾಸ, ಸಂಸ್ಕೃತಕ್ಕೆ ಕನ್ನಡ ಅಂಟಿಸಿದ ಪದ.

ನನ್ನ ದೊಡ್ಡ ಆಕ್ಷೇಪ ಇರುವುದು ‘ಸುಕ್ಕು’ ಬಗ್ಗೆ. ಅದೊಂದನ್ನೇ ಪಟ್ಟಿಯ ತುಂಬಾ ಬಳಸಿದ್ದೀರಿ. ಕನ್ನಡಿ ಮುಂದೆ ನಿಂತು ಜೋರಾಗಿ ನಗಿ. ಕಡೆಗಣ್ಣಲ್ಲಿ ಮೂರ್ನಾಲ್ಕು ಗೆರೆ ಬೀಸಣಿಗೆಯ ಹಾಗೆ ಬಿಚ್ಚಿಕೊಳ್ಳುತ್ತವೆ. ಈಗ ನಗು ನಿಲ್ಲಿಸಿ. ಕೆಲವು ಮಾಯವಾಗುತ್ತವೆ, ಕೆಲವು ಅಲ್ಲೇ ಕೂರುತ್ತವೆ. ಮಾಯವಾಗುವುದು ನೆರಿಗೆ, ಕೂರುವುದು ಸುಕ್ಕು. ಬಟ್ಟೆಯಲ್ಲೂ ಹಾಗೇ ಅಲ್ವಾ? ನೆರಿಗೆ ಹಿಡಿಯುತ್ತೇವೆ, ಬಿಡುತ್ತೇವೆ. ಸುಕ್ಕು ಹಿಡಿಯುವುದಲ್ಲ, ಬೀಳುವುದು.

ಇದು ಸುಮ್ನೆ ಪದದ ಆಟ ಅಲ್ಲ. ಸೂಜಿಯಲ್ಲಿ ಕೊಡುವ ಬೊಟುಲಿನಂ ಟಾಕ್ಸಿನ್, ಸ್ನಾಯುವಿಗೆ ಮುದುಡು ಅಂತ ಹೇಳುವ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ನರದ ತುದಿಯಿಂದ ಹೊರಬರದಂತೆ ತಡೆಯುತ್ತದೆ. ಕಣ್ಣ ಸುತ್ತಲ ಸ್ನಾಯು ಮುದುಡುವುದು ಕಡಿಮೆಯಾಗುತ್ತದೆ. ಅಂದರೆ ಅದು ಮುಖ್ಯವಾಗಿ ನೆರಿಗೆಯ ಮದ್ದು. ಕೂತುಬಿಟ್ಟ ಸುಕ್ಕಿಗೆ ಅದೊಂದೇ ಸಾಲದು. ಲೇಸರ್, ಪೀಲ್ (ರಾಸಾಯನಿಕ ಹಚ್ಚಿ ಮೇಲ್ಪದರ ಕಳಚುವುದು), ಟ್ರೆಟಿನಾಯಿನ್ (ಹಚ್ಚುವ ಮದ್ದು) ಇವು ಚರ್ಮದ ಮೇಲೇ ಕೆಲಸ ಮಾಡುತ್ತವೆ, ಅವನ್ನು ಸುಕ್ಕಿನ ಎದುರು ಬರೆಯಬೇಕು. ಎರಡಕ್ಕೂ ಒಂದೇ ಪದ ಹಾಕಿದರೆ ನಿಮ್ಮ ಪಟ್ಟಿಯಲ್ಲಿ ಹೋಲಿಕೆಯೇ ಉಳಿಯುವುದಿಲ್ಲ.

ಇನ್ನು ಟಾಕ್ಸಿನ್ ಚುಚ್ಚುಮದ್ದಿಗೆ ‘ನಂಜುಚುಚ್ಚು’. ಎರವಲು ಪದ ಒಂದೂ ಬೇಡ ಅನ್ನುವ ಗೆಳೆಯರು ಇದನ್ನು ಎರಡು ಸಲ ಬರೆದಿದ್ದಾರೆ. ಪದಕಟ್ಟಣೆ ಚೆನ್ನಾಗಿದೆ, ಅರ್ಥ ಕೆಟ್ಟಿದೆ. ಕನ್ನಡದಲ್ಲಿ ನಂಜು ಅಂದರೆ ವಿಷವೂ ಹೌದು, ಗಾಯ ಕೀವಾಗುವುದೂ ಹೌದು. ಹಿಂದೊಮ್ಮೆ ಇಂಥದೇ ಒಂದು ಕರಪತ್ರದಲ್ಲಿ ನಾನೂ ನಂಜು ಅಂತಲೇ ಬರೆದೆ. ಕರಡು ಓದಿದ ನಮ್ಮಮ್ಮ ಬೆರಳಿಟ್ಟು ಕೇಳಿದರು: “ಚುಚ್ಚಿದ ಜಾಗ ನಂಜಾಗುತ್ತೆ ಅಂತ ಇವರೇ ಬರ್ದಿದಾರಲ್ಲೋ, ಮತ್ಯಾಕೆ ಹೋಗ್ಬೇಕು?” ಅವತ್ತಿನಿಂದ ಟಾಕ್ಸಿನ್ ಅಂತಲೇ ಬರೆಯುತ್ತೇನೆ. ಎರವಲು ಪದ ತಪ್ಪಲ್ಲ. ಓದಿದವರನ್ನು ದಾರಿ ತಪ್ಪಿಸುವ ಕನ್ನಡ ಪದ ತಪ್ಪು.

‘ಬೊಟಾಕ್ಸ್’ ಅಂತ ಸಾಲಿನ ಹೆಸರು ಕೊಡಬೇಡಿ. ಅದು ಈ ಟಾಕ್ಸಿನ್‌ನ ಒಂದು ಬ್ರಾಂಡ್. ಡಿಸ್ಪೋರ್ಟ್, ಜಿಯೊಮಿನ್ ಕೂಡ ಅದೇ ಗುಂಪಿನವು.

ಫಿಲ್ಲರ್ ಫಿಲ್ಲರ್ ಆಗಿಯೇ ಇರಲಿ, ಜೊತೆಗೆ ‘ಗುಳಿ ತುಂಬುವ ಜೆಲ್’ ಅಂತ ಬಿಡಿಸಿ. ಕಣ್ಣು ಗುಳಿ ಬಿದ್ದಿದೆ ಅಂತ ಎಲ್ಲರೂ ಹೇಳುತ್ತಾರೆ, ಪದ ಕೈಯಲ್ಲೇ ಇದೆ. ಹಲವು ಫಿಲ್ಲರ್‌ಗಳಲ್ಲಿರುವ ಹೈಲುರಾನಿಕ್ ಆಮ್ಲಕ್ಕೆ ‘ಗಾಜಾಮ್ಲ’ ಅಂದವರ ಉತ್ಸಾಹ ನನಗೆ ಅರ್ಥವಾಗುತ್ತದೆ. ಗ್ರೀಕಿನ ಹೈಯಲಾಸ್ ಅಂದರೆ ಗಾಜು, ನಿಜ. 1934ರಲ್ಲಿ ಕಾರ್ಲ್ ಮೇಯರ್ ಮತ್ತು ಜಾನ್ ಪಾಮರ್ ಅದನ್ನು ಮೊದಲು ಬೇರ್ಪಡಿಸಿದ್ದು ಹಸುವಿನ ಕಣ್ಣೊಳಗಿನ, ಗಾಜಿನಷ್ಟು ತಿಳಿಯಾದ ಲೋಳೆಯಿಂದ. ಕಣ್ಣಿನಿಂದ ಹೊರಟ ವಸ್ತು ಈಗ ಕಣ್ಣ ಕೆಳಗೇ ಬಂದು ಕೂತಿದೆ, ನನಗೆ ಇದು ಬಹಳ ಇಷ್ಟವಾದ ವ್ಯುತ್ಪತ್ತಿ. ಆದರೆ ಗಾಜಾಮ್ಲ ಅಂದರೆ ಓದುವವರು ಗಾಜು ಚುಚ್ಚುತ್ತಾರೆ ಅಂದುಕೊಳ್ಳುತ್ತಾರೆ. ಬಿಟ್ಟುಬಿಡಿ.

‘ನಿವಾರಣೆ’ಯನ್ನೂ ತೆಗೆಯಿರಿ. ಟಾಕ್ಸಿನ್ ಪರಿಣಾಮ ಸಾಮಾನ್ಯವಾಗಿ 3–4 ತಿಂಗಳು. ಅದಕ್ಕೆ ನಿವಾರಣೆ ಅನ್ನುವುದು ಸುಳ್ಳು ಮಾತು ಕೊಟ್ಟ ಹಾಗೆ. ‘ತಗ್ಗಿಸುತ್ತದೆ’ ಸಾಕು. ಒಂದೊಂದಕ್ಕೂ ಅದರದೇ ಕ್ರಿಯಾಪದ ಕೊಡಿ: ಟಾಕ್ಸಿನ್ ಸಡಿಲಿಸುತ್ತದೆ, ಫಿಲ್ಲರ್ ತುಂಬುತ್ತದೆ, ಪೀಲ್ ಮೇಲ್ಪದರ ಕಳಚುತ್ತದೆ. ‘ಸುಲಿಯುತ್ತದೆ’ ಬೇಡ, ಚರ್ಮ ಸುಲಿದ ಹಾಗೆ ಕೇಳಿಸುತ್ತದೆ.

ತಲೆಬರಹಕ್ಕೆ ‘ಕೊಯ್ಯದ ಚಿಕಿತ್ಸೆಗಳು’. ‘ಅಶಸ್ತ್ರ’ ಅಂದರೆ ಆಯುಧವಿಲ್ಲದ ಸೈನಿಕ ಕಣ್ಣಿಗೆ ಬರುತ್ತಾನೆ. ‘ನೋವಿಲ್ಲದ’, ‘ಗಾಯವಿಲ್ಲದ’ ಇನ್ನೂ ಕೆಟ್ಟವು. ಸೂಜಿ ಚುಚ್ಚುತ್ತದೆ, ಕೆಲವು ಲೇಸರ್‌ಗಳು ಬೇಕೆಂದೇ ಸಣ್ಣ ಸಣ್ಣ ಗಾಯ ಮಾಡುತ್ತವೆ. ಫಿಲ್ಲರ್ ರಕ್ತನಾಳಕ್ಕೆ ಹೊಕ್ಕರೆ ದೃಷ್ಟಿಯೇ ಹೋಗಬಹುದು. ಅಪರೂಪ, ಆದರೂ ಆ ಸಾಲನ್ನು ಸಣ್ಣ ಅಕ್ಷರಕ್ಕೆ ತಳ್ಳಬೇಡಿ.

ಕೊನೆಯ ಸಾಲು ಮಾತ್ರ ನಿಮ್ಮಿಂದ ಪಟ್ಟಿ ಬರೆಸಿದವರನ್ನೇ ಕೇಳಿ ಸರಿ ಮಾಡಿಕೊಳ್ಳಿ. ಕಣ್ಣ ಕೆಳಗೆ ‘ಊತ’ ಅಂತ ಹಾಕಿದ್ದೀರಿ. ಊತ ಅಂದರೆ ಬಂದು ಇಳಿಯುವುದು, ಬೆಳಗ್ಗೆ ಜಾಸ್ತಿ, ಮಧ್ಯಾಹ್ನಕ್ಕೆ ಕಡಿಮೆ. ಕೊಬ್ಬು ಮುಂದೆ ತಳ್ಳಿ ಆದದ್ದು ‘ಉಬ್ಬು’, ಅದು ಇಳಿಯುವುದಿಲ್ಲ. ಟಾಕ್ಸಿನ್ ಆಗಲಿ ಪೀಲ್ ಆಗಲಿ ಆ ಕೊಬ್ಬನ್ನು ತೆಗೆಯುವುದಿಲ್ಲ. ಅವರು ಹೇಳಿದ್ದು ಉಬ್ಬು ಆಗಿದ್ದರೆ ಅಲ್ಲಿ ಟಾಕ್ಸಿನ್, ಪೀಲ್ ಎರಡರ ಎದುರೂ ಹಾಕಿರುವ ಟಿಕ್ ಗುರುತು ಅಳಿಸಿ ಕಳಿಸಿ.