ಸೈನಿಕರ ಜೊತೆ ಕೆಲಸ ಮಾಡುವ ಆಪ್ತಸಮಾಲೋಚಕರಿಗೆ ಆತ್ಮಹತ್ಯೆ ತಡೆ ತರಬೇತಿ: 2 ದಿನದಲ್ಲಿ ಏನು ಇಟ್ಟುಕೊಳ್ಳಬೇಕು, ಏನು ಬಿಡಬೇಕು?

ಬೆಳಗಾವಿ_ತರಬೇತಿ:

ನಮಸ್ಕಾರ. ಬೆಳಗಾವಿ ಕಡೆ 24 ಜನರಿಗೆ 2 ದಿನದ ತರಬೇತಿ ಇದೆ. ಅರ್ಧದಷ್ಟು ಮಂದಿ ಆಪ್ತಸಮಾಲೋಚಕರು, ಉಳಿದವರು ನರ್ಸಿಂಗ್ ಸಿಬ್ಬಂದಿ ಮತ್ತು ಮಾಜಿ ಸೈನಿಕರ ಸಂಘದ ಸ್ವಯಂಸೇವಕರು. ಇವರ ಹತ್ತಿರ ಬರುವವರು ರಜೆಯ ಮೇಲೆ ಊರಿಗೆ ಬಂದ ಜವಾನರು, ಅವರ ಮನೆಯವರು, ಹೊಸದಾಗಿ ನಿವೃತ್ತರಾದವರು.

ಕೈಯಲ್ಲಿರುವ ಪಠ್ಯದಲ್ಲಿ 90 ಸ್ಲೈಡ್ ಇವೆ. ಮೊದಲ ಅರ್ಧ ದಿನ ಪೂರ್ತಿ ಒತ್ತಡದ ವ್ಯಾಖ್ಯೆಗೇ ಹೋಗುತ್ತದೆ. ಕೊನೆಗೆ, ಅಪಾಯದಲ್ಲಿರುವವರಿಂದ "ಜೀವಕ್ಕೆ ಹಾನಿ ಮಾಡಿಕೊಳ್ಳುವುದಿಲ್ಲ" ಅಂತ ಸಹಿ ಹಾಕಿಸಿಕೊಳ್ಳುವ ಒಂದು ನಮೂನೆ ಇದೆ. ಇದನ್ನು ಇಟ್ಟುಕೊಳ್ಳಬೇಕೇ? ಅಭ್ಯಾಸಕ್ಕೆ ಎಷ್ಟು ಹೊತ್ತು ಬಿಡಬೇಕು? ಬಂದೂಕಿನ ಮಾತನ್ನು ಹೇಗೆ ತೆಗೆಯುವುದು? ತಿಳಿದವರು ದಯವಿಟ್ಟು ಹೇಳಿ.

ಮನೋಸಾಮಾಜಿಕ:

ಮೊದಲು ಆ ಮುಚ್ಚಳಿಕೆ ನಮೂನೆಯನ್ನು ಕಸದ ಬುಟ್ಟಿಗೆ ಹಾಕಿ. ಅದು ಸಹಿ ಹಾಕಿಸಿಕೊಂಡವರಿಗೆ ಸಮಾಧಾನ ಕೊಡುತ್ತದೆ, ಹಾಕಿದವನಿಗಲ್ಲ. ಸೈನಿಕನಂತೂ ಎದುರಿಗಿರುವವರು ಕಾಗದ ಕೊಟ್ಟರೆ ಸಹಿ ಹಾಕಿ ಹೊರಟುಬಿಡುತ್ತಾನೆ, ಅದು ಅವನಿಗೆ ರೂಢಿ. ಅಮೆರಿಕದ ಸೇನೆಯ 97 ಸೈನಿಕರ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಇಂಥ ಮುಚ್ಚಳಿಕೆಯನ್ನೂ ಬಿಕ್ಕಟ್ಟಿನ ಕಾರ್ಡನ್ನೂ ಹೋಲಿಸಿ ನೋಡಿದ್ದರು. 6 ತಿಂಗಳಲ್ಲಿ ಕಾರ್ಡಿನ ಗುಂಪಿನಲ್ಲಿ ಆತ್ಮಹತ್ಯೆ ಯತ್ನಗಳು 76% ಕಡಿಮೆ.

ಕಾರ್ಡು ಅಂದರೆ ಅಂಗೈಯಷ್ಟು ದಪ್ಪ ಕಾಗದ, ಅಷ್ಟೇ. ಅದರಲ್ಲಿ ಐದು ವಿಷಯ: ಮನಸ್ಸು ಕೆಡುತ್ತಿದೆ ಅಂತ ತನಗೇ ಗೊತ್ತಾಗುವ ಗುರುತು, ಆಗ ಒಬ್ಬನೇ ಮಾಡಬಹುದಾದದ್ದು, ಬದುಕಿರಲು ಕಾರಣ, ಫೋನ್ ಮಾಡಬಹುದಾದ ಜನ, ವೈದ್ಯರು ಮತ್ತು ಸಹಾಯವಾಣಿ. ಬರೆಯಬೇಕಾದವನು ಅವನೇ, ಅವನ ಮಾತಲ್ಲೇ. ಎಡವುವುದು ಇಲ್ಲೇ. ಸಮಾಲೋಚಕರು ಪೆನ್ನು ಹಿಡಿದರೆ "ನಕಾರಾತ್ಮಕ ಆಲೋಚನೆಗಳು" ಅಂತ ಬರೆಯುತ್ತಾರೆ, ರಾತ್ರಿ 2 ಗಂಟೆಗೆ ಅದು ಯಾರಿಗೂ ಅರ್ಥವಾಗುವುದಿಲ್ಲ. "ಊಟದ ತಟ್ಟಿ ಹಂಗ ಬಿಟ್ಟು ಎದ್ದು ಹೋಗ್ತೀನಿ, ಮನಿ ಫೋನ್ ಎತ್ತಂಗಿಲ್ಲ" ಅಂತಿದ್ದರೆ ಅದು ಗುರುತು. ಜನರ ಕಾಲಂನಲ್ಲಿ "ಸ್ನೇಹಿತರು" ಅಂತ ಬರೆದರೆ ಒಪ್ಪಬೇಡಿ. ಹೆಸರು ಬೇಕು, ನಂಬರ್ ಬೇಕು, ಆ ಮನುಷ್ಯ ಎಷ್ಟು ಹೊತ್ತಿಗೆ ಫೋನ್ ಎತ್ತುತ್ತಾನೆ ಅನ್ನುವುದೂ ಬೇಕು. ಸಾಧ್ಯವಾದರೆ ಎದುರಲ್ಲೇ ಒಮ್ಮೆ ಕರೆ ಮಾಡಿಸಿ. ಕಾರ್ಡು ಎಲ್ಲಿಡುತ್ತೀಯ ಅಂತಲೂ ಕೇಳಿ. ಎಲ್ಲರ ಕಣ್ಣಿಗೆ ಬೀಳುವ ಟ್ರಂಕಿನ ಮುಚ್ಚಳಕ್ಕಿಂತ ಪರ್ಸು ವಾಸಿ, ಮೊಬೈಲಿನಲ್ಲಿ ಒಂದು ಫೋಟೋನೂ ಇರಲಿ.

ವೇಳೆಯ ಲೆಕ್ಕ: ಉಪನ್ಯಾಸ ಎರಡೂ ದಿನ ಸೇರಿ 3 ಗಂಟೆ ಮೀರದಿರಲಿ. 24 ಜನರನ್ನು ಮೂವರಂತೆ 8 ಗುಂಪು ಮಾಡಿ: ಕೇಳುವವರು, ಜವಾನ, ಗಮನಿಸುವವರು. 12 ನಿಮಿಷ ಸಂಭಾಷಣೆ, 8 ನಿಮಿಷ ಚರ್ಚೆ, ಆಮೇಲೆ ಪಾತ್ರ ಬದಲು. ಮೂರು ಸುತ್ತಿಗೆ ಒಂದು ಗಂಟೆ. ಇಂಥ ಗಂಟೆಗಳು ಕನಿಷ್ಠ 4 ಬೇಕು, 2 ಗುಂಪಿಗೆ ಒಬ್ಬರಂತೆ 4 ಮಾರ್ಗದರ್ಶಕರೂ ಬೇಕು. ಮಾರ್ಗದರ್ಶಕರಿಲ್ಲದ ಪಾತ್ರಾಭಿನಯ ಹರಟೆಯಾಗುತ್ತದೆ.

ಮೊದಲ ಸುತ್ತಿನಲ್ಲಿ ಅಭ್ಯಾಸ ಮಾಡಿಸಬೇಕಾದದ್ದು ಒಂದೇ ವಾಕ್ಯ: "ಸಾಯಬೇಕು, ಜೀವ ಕಳೆದುಕೊಳ್ಳಬೇಕು ಅನ್ನುವ ಯೋಚನೆ ಬಂದಿದೆಯಾ?" ಹೀಗೆ ನೇರ ಕೇಳಿದರೆ ಇಲ್ಲದ ಯೋಚನೆ ಹುಟ್ಟುವುದಿಲ್ಲ. ಆದರೂ ಬಾಯಿ ತಡವರಿಸುತ್ತದೆ, "ಅಂಥದ್ದೇನೂ ಇಲ್ಲ ಅಲ್ವಾ?" ಅಂತ ಬಂದುಬಿಡುತ್ತದೆ. ಆ "ಅಲ್ವಾ" ಬಂತೋ, ಉತ್ತರ "ಇಲ್ಲ" ಅಂತಲೇ ಬರುವುದು. ಗಮನಿಸುವವರ ಹಾಳೆಯಲ್ಲಿ ಇದಕ್ಕೇ ಒಂದು ಕಾಲಂ ಇಡಿ. ಇನ್ನೊಂದು ಮಾತು: ಆ ಕಡೆಯ ಹುಡುಗರು "ಸಾಯ್ತೀನಿ" ಅನ್ನುವುದಕ್ಕಿಂತ "ಸಾಕಾಗೈತ್ರಿ", "ಜೀವ ಬ್ಯಾಸರಾಗೈತಿ" ಅನ್ನುವುದೇ ಹೆಚ್ಚು. ಸಮಾಲೋಚಕರು ಅದನ್ನು ದಣಿವು ಅಂದುಕೊಂಡು ಮುಂದೆ ಹೋಗಬಾರದು. "ಸಾಕಾಗೈತಿ ಅಂದ್ರ, ಬದುಕೋದಾ?" ಅಂತ ಅವರ ಮಾತನ್ನೇ ಹಿಡಿದು ಕೇಳಬೇಕು.

ಆತ್ಮಹತ್ಯೆಯ ಅಪಾಯ ಅಳೆಯುವ ಕೊಲಂಬಿಯಾ ಪ್ರಶ್ನಾವಳಿ ಬಳಸುವುದಾದರೆ ಒಂದು ಎಚ್ಚರಿಕೆ. ಇರುವುದು 6 ಪ್ರಶ್ನೆ. ಎರಡನೆಯದಕ್ಕೆ "ಇಲ್ಲ" ಬಂದರೆ 3, 4, 5 ಬಿಡಬಹುದು, 6 ಬಿಡುವಂತಿಲ್ಲ. ಹಿಂದೆ ಪ್ರಯತ್ನ ಅಥವಾ ತಯಾರಿ ಮಾಡಿದ್ದು ತಿಳಿಯುವುದು ಆರನೆಯದರಲ್ಲೇ, ಜನ ಹಾರಿಸುವುದೂ ಅದನ್ನೇ.

ಎಂಐ_ರೂಮ್:

ಮೇಡಂ ಹೇಳಿದ್ದಕ್ಕೆ ಯೂನಿಟ್ ಒಳಗಿನ ಒಂದೆರಡು ವಿಷಯ ಸೇರಿಸುತ್ತೇನೆ. ಇದು ಗೊತ್ತಿಲ್ಲದ ಸಮಾಲೋಚಕರ ಮಾತನ್ನು ಜವಾನ ಐದೇ ನಿಮಿಷದಲ್ಲಿ ಅಳೆದುಬಿಡುತ್ತಾನೆ.

ಮೊದಲನೆಯದು ಶೇಪ್. ವೈದ್ಯಕೀಯ ಶ್ರೇಣಿಯ ಐದು ಅಕ್ಷರಗಳಲ್ಲಿ ಮೊದಲ "ಎಸ್" ಮನಸ್ಸಿಗೆ ಸಂಬಂಧಿಸಿದ್ದು. ಶೇಪ್-1, ಅಂದರೆ ಪೂರ್ತಿ ಅರ್ಹ ಅನ್ನುವ ಶ್ರೇಣಿ, ತಪ್ಪಿದರೆ ಬಡ್ತಿ, ಕೋರ್ಸು, ಪೋಸ್ಟಿಂಗ್ ಎಲ್ಲಕ್ಕೂ ಪೆಟ್ಟು ಬೀಳಬಹುದು. ಕಮಾಂಡಿಂಗ್ ಅಧಿಕಾರಿಯ ವರದಿ, ಅಂದರೆ ಎಎಫ್‌ಎಂಎಸ್‌ಎಫ್-10, ಮನೋವೈದ್ಯರಿಗೆ ಹೋಗುತ್ತದೆ ಅನ್ನುವುದೂ ಅವನಿಗೆ ಗೊತ್ತು. "ನಿದ್ದಿ ಬರವಲ್ದು, ಉಳಿದದ್ದೆಲ್ಲ ಆರಾಮ" ಅನ್ನುವುದರ ಹಿಂದೆ ಈ ಲೆಕ್ಕ ಇರುತ್ತದೆ. "ಏನೂ ಆಗಲ್ಲ, ಧೈರ್ಯವಾಗಿ ಹೇಳಿ" ಅಂತ ಸುಳ್ಳು ಭರವಸೆ ಕೊಡಬೇಡಿ. ಶ್ರೇಣಿ ಇಳಿಯಬಹುದು, ಚಿಕಿತ್ಸೆಯಾದ ಮೇಲೆ ಮರುಪರಿಶೀಲನೆಯಲ್ಲಿ ಏರಲೂಬಹುದು. ಇದ್ದದ್ದು ಇದ್ದ ಹಾಗೆ ಹೇಳಿ.

ಎರಡನೆಯದು ಆಯುಧ. ಯೂನಿಟ್‌ನಲ್ಲಿ ಅದನ್ನು ತಡೆಯುವುದು ಡ್ಯೂಟಿ ಬದಲಿಸುವುದರಿಂದ: ಗಾರ್ಡ್ ಮತ್ತು ಆಯುಧ ಇಡುವ ಕೋತ್‌ನಿಂದ ತೆಗೆದು ಆಫೀಸಿಗೋ ಸ್ಟೋರಿಗೋ ಹಾಕುವುದು. ಆದರೆ ರೋಲ್ ಕಾಲ್‌ನಲ್ಲಿ ಎಲ್ಲರ ಮುಂದೆ "ನಿನಗೆ ಇವತ್ತಿಂದ ಹತ್ಯಾರ್ ಇಲ್ಲ" ಅಂದರೆ ಆ ಅವಮಾನವೇ ಹೊಸ ಗಾಯ. ಡ್ಯೂಟಿ ಪಟ್ಟಿ ಬದಲಾದದ್ದು ಉಳಿದವರಿಗೆ ಎಂದಿನ ಅದಲುಬದಲಿನಂತೆ ಕಾಣಬೇಕು. ಜೊತೆಗಾರನಿಗೆ, ಅಂದರೆ ಬಡ್ಡಿಗೆ, ಹೇಳುವುದು ಇಷ್ಟೇ: ಒಬ್ಬನನ್ನೇ ಬಿಡಬೇಡ, ನಿದ್ದೆ ಊಟ ನೋಡಿಕೊ, ವ್ಯತ್ಯಾಸ ಕಂಡರೆ ಇಂಥವರಿಗೆ ಹೇಳು. ಕಾವಲುಗಾರನನ್ನಾಗಿ ಮಾಡಬೇಡಿ.

ಇಸ್ರೇಲ್ ಸೇನೆ 2006ರಲ್ಲಿ ವಾರಾಂತ್ಯಕ್ಕೆ ಮನೆಗೆ ಹೋಗುವವರು ಆಯುಧವನ್ನು ಶಿಬಿರದಲ್ಲೇ ಬಿಡಬೇಕು ಅಂತ ಮಾಡಿತು. ಆತ್ಮಹತ್ಯೆ ಸುಮಾರು 40% ಇಳಿಯಿತು. ವಾರಾಂತ್ಯದಲ್ಲಿ ಇಳಿದದ್ದು ವಾರದ ಉಳಿದ ದಿನಗಳಿಗೆ ಜಾರಿಕೊಳ್ಳಲಿಲ್ಲ. "ಮನಸ್ಸು ಮಾಡಿದವನನ್ನು ಯಾರು ತಡೀತಾರೆ" ಅನ್ನುವವರಿಗೆ ಇದನ್ನು ಹೇಳಿ.

ನಿಮ್ಮವರು ನೋಡುವುದು ರಜೆಯಲ್ಲಿರುವವರನ್ನು, ಹಾಗಾಗಿ ಮನೆಯನ್ನು ಕೇಳಬೇಕು. ಕೊಡಗಿನವರಾದರೆ ಕೋವಿ ಇರುವುದು ಸಹಜ, ಅಲ್ಲಿ ಕೊಡವರಿಗೂ ಜಮ್ಮಾ (ವಂಶಪಾರಂಪರ್ಯದ) ಜಮೀನಿನ ಹಿಡುವಳಿದಾರರಿಗೂ ಪರವಾನಗಿಯಿಂದ ವಿನಾಯಿತಿ ಇದೆ. "ಕೋವಿ ಇದೆಯಾ?" ಅಂದರೆ ವಿಚಾರಣೆ ಮಾಡಿದ ಹಾಗಾಗುತ್ತದೆ. "ಮನಸ್ಸು ತಿಳಿಯಾಗುವವರೆಗೆ ಕೋವಿ ಯಾರ ಮನೆಯಲ್ಲಿರಲಿ?" ಅಂತ ಕೇಳಿದರೆ ದೊಡ್ಡಪ್ಪನ ಹೆಸರೋ ಭಾವನ ಹೆಸರೋ ಬರುತ್ತದೆ. ಬಯಲುಸೀಮೆಯ ಒಕ್ಕಲು ಮನೆಯಾದರೆ ಹೊಲಕ್ಕೆ ಹೊಡೆಯುವ ಔಷಧಿ ಎಲ್ಲಿದೆ, ಕೀಲಿ ಯಾರ ಕೈಯಲ್ಲಿ ಅನ್ನುವುದೂ ಅಷ್ಟೇ ಮುಖ್ಯ.

ಬೆಳಗಾವಿ_ತರಬೇತಿ:

ಇಬ್ಬರಿಗೂ ಧನ್ಯವಾದ. ನಮೂನೆ ತೆಗೆದೆ. ಇನ್ನೊಂದು ಗಂಟು ಉಳಿದಿದೆ. "ಯಾರಿಗೂ ಹೇಳಬೇಡಿ ಸರ್" ಅಂತ ಮೊದಲೇ ಮಾತು ತೆಗೆದುಕೊಂಡರೆ? ಯತ್ನಿಸಿದ್ದು ಗೊತ್ತಾದರೆ ಕೇಸ್ ಆಗುತ್ತದೆ ಅನ್ನುವ ಹೆದರಿಕೆಯೂ ಇದೆ.

ಕಲಂ_ಮಾತು:

ಹೆದರಿಕೆ ಪೂರ್ತಿ ಹುಸಿಯಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಕಲಂ 115 ಪ್ರಕಾರ, ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ಭಾವಿಸಬೇಕು. ಯತ್ನವನ್ನು ಅಪರಾಧ ಅನ್ನುತ್ತಿದ್ದ ಹಳೆಯ ದಂಡ ಸಂಹಿತೆಯ ಕಲಂ 309 ಕೂಡ 2024ರ ಜುಲೈ 1ರಿಂದ ಇಲ್ಲ. ಆದರೆ 115 ಹೆಸರಿಸಿದ್ದು ದಂಡ ಸಂಹಿತೆಯನ್ನು. 1950ರ ಸೇನಾ ಕಾಯ್ದೆಯ ಕಲಂ 64(ಸಿ)ಯಲ್ಲಿ ಆತ್ಮಹತ್ಯೆ ಯತ್ನ ಇನ್ನೂ ಅಪರಾಧವೇ. ತರಬೇತಿಯಲ್ಲಿ "ಕಾನೂನು ರದ್ದಾಯಿತು" ಅಂತ ಒಂದೇ ಸಾಲಿನಲ್ಲಿ ಮುಗಿಸಿದರೆ ತಪ್ಪು ಹೇಳಿದಂತೆ.

ಗೋಪ್ಯತೆಗೆ ಅದೇ ಮಾನಸಿಕ ಆರೋಗ್ಯ ಕಾಯ್ದೆಯ ಕಲಂ 23. ಜೀವಕ್ಕೆ ಅಪಾಯವಿದ್ದರೆ ಅದನ್ನು ತಡೆಯಲು ಬೇಕಾದ ಮಾಹಿತಿ ಕೊಡಬಹುದು. ಹೆಂಡತಿಯ ಜೊತೆಗಿನ ಜಗಳ, ಸಾಲದ ಮೊತ್ತ ಇವೆಲ್ಲ ಅದರಲ್ಲಿ ಬರುವುದಿಲ್ಲ. ಈ ಗಡಿಯನ್ನು ಅವನು ಬಾಯಿ ಬಿಡುವ ಮೊದಲೇ ಹೇಳಬೇಕು: "ನೀವು ಹೇಳಿದ್ದು ನನ್ನಲ್ಲೇ ಇರುತ್ತದೆ. ಜೀವಕ್ಕೆ ಅಪಾಯ ಅನ್ನಿಸಿದರೆ ಮಾತ್ರ ಇನ್ನೊಬ್ಬರಿಗೆ ಹೇಳಬೇಕಾಗುತ್ತದೆ. ಯಾರಿಗೆ, ಏನು ಅನ್ನುವುದನ್ನು ಮೊದಲು ನಿಮಗೇ ಹೇಳುತ್ತೇನೆ." ಇದನ್ನೂ ಬಾಯಿಪಾಠ ಆಗುವವರೆಗೆ ಹೇಳಿಸಿ.

ಮನೋಸಾಮಾಜಿಕ:

ಎರಡನೇ ದಿನದ ಮಧ್ಯಾಹ್ನ ಮುಂದಿನ ಸಂಪರ್ಕಕ್ಕೆ ಇಡಿ. ಅಮೆರಿಕದ ಮಾಜಿ ಸೈನಿಕರ ತುರ್ತು ಚಿಕಿತ್ಸಾ ವಿಭಾಗಗಳಲ್ಲಿ ಈ ಕಾರ್ಡಿನಂಥದ್ದೇ ಸುರಕ್ಷತಾ ಯೋಜನೆ ಬರೆಸಿ, ಆಮೇಲೆ ಫೋನ್ ಮಾಡಿ ವಿಚಾರಿಸುತ್ತಿದ್ದರು. 6 ತಿಂಗಳಲ್ಲಿ ಆತ್ಮಹತ್ಯಾ ವರ್ತನೆ ಸುಮಾರು 45% ಕಡಿಮೆ ಅಂತ 2018ರಲ್ಲಿ ಪ್ರಕಟವಾಯಿತು. ನಿಮ್ಮಲ್ಲಿ ಮೊದಲ ಕರೆ 72 ಗಂಟೆಯೊಳಗೆ ಇರಲಿ, ಇನ್ನೊಂದು ರಜೆ ಮುಗಿಸಿ ರೈಲು ಹತ್ತುವ ಹಿಂದಿನ ದಿನ. ಆ ದಿನವೇ ಹೆಚ್ಚು ಕೆಟ್ಟದ್ದು, ಯಾಕೆಂದರೆ ಜಮೀನಿನ ತಕರಾರು ಬಗೆಹರಿಯದೇ ಹೊರಟಿರುತ್ತಾನೆ. ಹಾಗಾಗಿ ಜಿಲ್ಲೆಯ ಸೈನಿಕ ಕಲ್ಯಾಣ ಇಲಾಖೆಗೆ ಅರ್ಜಿ ಬರೆಯುವುದನ್ನೂ ಕಲಿಸಿ. ಕೋರ್ಟಿನಲ್ಲಿದ್ದರೆ 1925ರ ಭಾರತೀಯ ಸೈನಿಕರ ವ್ಯಾಜ್ಯ ಕಾಯ್ದೆಯಲ್ಲಿ, ಷರತ್ತುಗಳಿಗೆ ಒಳಪಟ್ಟು, ಮೊಕದ್ದಮೆ ಮುಂದೂಡಲು ಅವಕಾಶವಿದೆ.

ಕಾರ್ಡಿನ ಕೊನೆಯಲ್ಲಿ 14416 ಬರೆಸಿ, ಅದು ಟೆಲಿ ಮಾನಸ್, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೂ ಮಾತಾಡುತ್ತಾರೆ. ಸೇನಾ ಸಿಬ್ಬಂದಿಗೆಂದೇ ಅದರ ಘಟಕವೊಂದು 2023ರ ಡಿಸೆಂಬರ್‌ನಲ್ಲಿ ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ ಶುರುವಾಗಿದೆ.

ತರಬೇತಿ ಮುಗಿದ ಸಂಜೆ "ಆತ್ಮವಿಶ್ವಾಸ ಹೆಚ್ಚಿತೇ?" ಅಂತ ಕೇಳಿದರೆ 24 ಜನರೂ ಹೌದು ಅನ್ನುತ್ತಾರೆ, ಅದರಿಂದ ಏನೂ ಗೊತ್ತಾಗುವುದಿಲ್ಲ. 3 ತಿಂಗಳ ನಂತರ ಅರ್ಧ ದಿನ ಕರೆಸಿ, 10 ನಿಮಿಷದ ಪಾತ್ರಾಭಿನಯವನ್ನು ಅದೇ ಹಾಳೆಯಲ್ಲಿ ಮತ್ತೆ ಅಳೆಯಿರಿ. "ಅಲ್ವಾ" ಎಷ್ಟು ಜನರ ಬಾಯಿಗೆ ವಾಪಸ್ ಬಂದಿದೆ ನೋಡಿ.