ವೆಕ್ಯುರೋನಿಯಂ ತೂಗುವಾಗ ಬ್ಯಾಲೆನ್ಸ್ ರೀಡಿಂಗ್ ನಿಲ್ಲುತ್ತಿಲ್ಲ, ಬ್ಲೋಯರ್ ಆಫ್ ಮಾಡಬಹುದಾ?

ಕ್ಯೂಸಿ ಹುಡುಗಿ:

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಹೊರಗೆ ಒಂದು ಇಂಜೆಕ್ಷನ್ ಕಾರ್ಖಾನೆಯ ಕ್ಯೂಸಿ (ಗುಣಮಟ್ಟ ಪರೀಕ್ಷೆ) ಲ್ಯಾಬ್‌ನಲ್ಲಿ ಕೆಲಸ ಮಾಡುತ್ತೇನೆ. ಸೇರಿ ಎಂಟು ತಿಂಗಳಾಯಿತು. ಈಗ ವೆಕ್ಯುರೋನಿಯಂ ಬ್ರೋಮೈಡ್ ಎಂಬ, ಆಪರೇಷನ್ ವೇಳೆ ಸ್ನಾಯು ಸಡಿಲಿಸುವ ಔಷಧದ ಎಚ್‌ಪಿಎಲ್‌ಸಿ ಅಸ್ಸೇ (ಔಷಧದ ಪ್ರಮಾಣ ಅಳೆಯುವ ಪರೀಕ್ಷೆ) ನನಗೆ ಕೊಟ್ಟಿದ್ದಾರೆ. ಸ್ಟ್ಯಾಂಡರ್ಡ್ (ಹೋಲಿಕೆಗೆ ಬಳಸುವ ಶುದ್ಧ ಪುಡಿ) 10 ಮಿ.ಗ್ರಾಂ ತೂಗಬೇಕು. ಬ್ಯಾಲೆನ್ಸ್ 0.01 ಮಿ.ಗ್ರಾಂ ವರೆಗೆ ತೋರಿಸುತ್ತದೆ. ಅದನ್ನು ಬ್ಲೋಯರ್‌ನಿಂದ ಗಾಳಿ ಒಳಗೆ ಎಳೆಯುವ ಎನ್‌ಕ್ಲೋಷರ್‌ನಲ್ಲಿ (ಪೆಟ್ಟಿಗೆಯಲ್ಲಿ) ಇಟ್ಟಿದ್ದಾರೆ. ಹಿಂದೆ ಹೆಪಾ ಫಿಲ್ಟರ್ ಇದೆ.

ತೊಂದರೆ ಏನಂದ್ರೆ, ರೀಡಿಂಗ್ ಒಂದು ಕಡೆ ನಿಲ್ಲುವುದೇ ಇಲ್ಲ. 10.02 ಇದ್ದದ್ದು 10.09 ಆಗುತ್ತದೆ, ನೋಡ್ತಾ ನೋಡ್ತಾ 9.97ಕ್ಕೆ ಇಳಿಯುತ್ತದೆ. "ಗಾಳಿಗೆ ಹಾಗಾಗುತ್ತೆ, ಎರಡು ನಿಮಿಷ ಬ್ಲೋಯರ್ ಆಫ್ ಮಾಡಿ ತೂಗಿಬಿಡು, ಎಲ್ಲರೂ ಹಾಗೇ ಮಾಡೋದು" ಎಂದರು ಸೀನಿಯರ್. ನಿನ್ನೆ ಹಾಗೇ ಮಾಡಿದೆ. ಸ್ಪ್ಯಾಚುಲಾದಿಂದ ಒಂದಿಷ್ಟು ಪುಡಿ ಹಾರಿ ಬ್ಯಾಲೆನ್ಸ್ ಗಾಜಿಗೆ ಅಂಟಿಕೊಂಡಿತು. ಮುಖಕ್ಕೆ ಇದ್ದದ್ದು ಬಟ್ಟೆ ಮಾಸ್ಕ್. ನನಗೆ ಏನೂ ಆಗಲಿಲ್ಲ. ಆದರೆ ರಾತ್ರಿ ನಿದ್ದೆ ಬರಲಿಲ್ಲ. ಇದು ಎಷ್ಟು ಅಪಾಯ? ರೀಡಿಂಗ್ ನಿಲ್ಲಿಸಲು ಬೇರೆ ದಾರಿ ಇದೆಯಾ?

ಹಳೇ ಬ್ಯಾಲೆನ್ಸ್:

ನೋಡಮ್ಮ, ಮೊದಲ ಮಾತು. ಬ್ಲೋಯರ್ ಆಫ್ ಮಾಡಬೇಡ. ಪುಡಿಯ ಬಾಟಲಿ ತೆರೆದಿರುವಾಗ ನಿನ್ನ ಮೂಗಿಗೂ ಪುಡಿಗೂ ನಡುವೆ ಇರುವುದು ಆ ಗಾಳಿ ಒಂದೇ. ಬಟ್ಟೆ ಮಾಸ್ಕ್ ಇಂಥ ಪುಡಿಯನ್ನು ತಡೆಯುವುದಿಲ್ಲ. ಮೂವತ್ತು ವರ್ಷ ಕ್ಯೂಸಿಯಲ್ಲಿ ಇದ್ದವನು ನಾನು. "ಎಲ್ಲರೂ ಹಾಗೇ ಮಾಡೋದು" ಅನ್ನುವ ಮಾತು ಎಷ್ಟು ಲ್ಯಾಬ್‌ಗಳಲ್ಲಿ ಕೇಳಿದ್ದೇನೋ. ಪ್ರತಿ ಸಲವೂ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ನಿನ್ನೆ ಆದದ್ದನ್ನು ಇವತ್ತೇ ಸೇಫ್ಟಿಯವರಿಗೆ ಬರೆದು ಕೊಡು. ಸುಮ್ನೆ ಬಿಡಬೇಡ.

ಇನ್ನು ರೀಡಿಂಗ್ ವಿಷಯ. ತಪ್ಪು ಗಾಳಿಯದ್ದೇ ಎಂದು ಯಾರಾದರೂ ಪರೀಕ್ಷೆ ಮಾಡಿದ್ದಾರಾ? ಒಂದು ಸಣ್ಣ ಕೆಲಸ ಮಾಡು. ಪುಡಿ ಬೇಡ. ಬ್ಲೋಯರ್ ಆನ್ ಇರಲಿ, ಬ್ಯಾಲೆನ್ಸ್‌ನ ಗಾಜಿನ ಬಾಗಿಲುಗಳನ್ನು ಪೂರ್ತಿ ಮುಚ್ಚು. 20 ಗ್ರಾಂ ಸ್ಟೀಲ್ ಚೆಕ್ ವೇಟ್ ಇಟ್ಟು ಒಂದು ನಿಮಿಷ ನೋಡು. ಆಮೇಲೆ ಅದನ್ನು ತೆಗೆದು, ನೀನು ಬಳಸುವ ಖಾಲಿ ಬೋಟ್ (ಪುಡಿ ಹಾಕಿ ತೂಗುವ ಸಣ್ಣ ತಟ್ಟೆ) ಇಟ್ಟು ನೋಡು. ಸ್ಟೀಲ್ ನಿಂತು ಬೋಟ್ ಮಾತ್ರ ಅಲೆದಾಡಿದರೆ ತಪ್ಪು ಗಾಳಿಯದ್ದಲ್ಲ, ಸ್ಟ್ಯಾಟಿಕ್‌ನದ್ದು (ಸ್ಥಿರ ವಿದ್ಯುತ್). ಎರಡೂ ಅಲೆದಾಡಿದರೆ ಗಾಳಿ, ಇಲ್ಲವೇ ಟೇಬಲ್‌ನ ಕಂಪನ. ಬೋಟ್ ಪ್ಲಾಸ್ಟಿಕ್‌ದಾ? ರೂಮಿನ ತೇವಾಂಶ ಎಷ್ಟು? ಎರಡನ್ನೂ ಬರೆ.

ಓಟಿ ಟೆಕ್ನಿಷಿಯನ್:

ಮೇಡಂ, ನಾನು ಹುಬ್ಬಳ್ಳಿ ಕಡೆಯವನು, ಆಪರೇಷನ್ ಥಿಯೇಟರ್‌ನಲ್ಲಿ ಅರಿವಳಿಕೆ ವಿಭಾಗದಲ್ಲಿದ್ದೇನೆ. ನೀವು ತೂಗುವ ಔಷಧ ನಮಗೆ ದಿನದ ಒಡನಾಟ. ಎಷ್ಟು ಅಪಾಯ ಎಂದು ಕೇಳಿದಿರಲ್ಲ, ಅದಕ್ಕೆ ನನ್ನ ಉತ್ತರ.

ಶ್ವಾಸನಾಳಕ್ಕೆ ಟ್ಯೂಬ್ ಹಾಕುವಾಗ ನಾವು ಕೊಡುವ ಡೋಸ್ ಕಿಲೋಗೆ ಸುಮಾರು 0.1 ಮಿ.ಗ್ರಾಂ. 60 ಕಿಲೋ ತೂಕದವರಿಗೆ 6 ಮಿ.ಗ್ರಾಂ. ಮೂರು ನಿಮಿಷದೊಳಗೆ ಉಸಿರಾಟದ ಸ್ನಾಯುಗಳು ನಿಲ್ಲುತ್ತವೆ. ಅರ್ಧ ಗಂಟೆ, ಮುಕ್ಕಾಲು ಗಂಟೆ ಉಸಿರಾಟವನ್ನು ನಾವೇ ನಡೆಸಬೇಕು. ನಿಮ್ಮ ಬೋಟ್‌ನಲ್ಲಿ ಇರುವುದು 10 ಮಿ.ಗ್ರಾಂ, ಅಂದ್ರೆ ದೊಡ್ಡವರೊಬ್ಬರಿಗೆ ಬೇಕಾದ್ದಕ್ಕಿಂತ ಜಾಸ್ತಿ.

ಆದರೆ ಅದು ರಕ್ತಕ್ಕೆ ನೇರವಾಗಿ ಹೋದಾಗಿನ ಲೆಕ್ಕ. ಇದರ ಅಣುವಿನಲ್ಲಿ ಶಾಶ್ವತವಾದ ಚಾರ್ಜ್ ಇರುವುದರಿಂದ ಹೊಟ್ಟೆಯಿಂದಾಗಲಿ ಗಾಯವಿಲ್ಲದ ಚರ್ಮದಿಂದಾಗಲಿ ಸುಲಭಕ್ಕೆ ಒಳಗೆ ಹೋಗದು. ದಕ್ಷಿಣ ಅಮೆರಿಕದ ಕಾಡಿನ ಜನ ಬಾಣಕ್ಕೆ ಕ್ಯುರಾರೆ ಹಚ್ಚಿ ಬೇಟೆಯಾಡಿ, ಅದೇ ಮಾಂಸ ತಿನ್ನುತ್ತಿದ್ದದ್ದು ಇದರಿಂದಲೇ. ಹಾಗಂತ ಧೈರ್ಯ ಮಾಡಬೇಡಿ. ಉಸಿರಲ್ಲಿ ಹೋದ ಪುಡಿ, ಕಣ್ಣು, ಉಗುರಿನ ಪಕ್ಕದ ಸಣ್ಣ ಗಾಯ, ಎಲ್ಲಕ್ಕಿಂತ ಹೆಚ್ಚಾಗಿ ಸೂಜಿ ಚುಚ್ಚುವುದು, ಇವು ದಾರಿಗಳು. ನೀವು ವಯಲ್‌ಗೆ ನೀರು ಸೇರಿಸುವಾಗ ಸೂಜಿ ಬಳಸುತ್ತೀರಿ ಅಲ್ವಾ? ಬಳಸಿದ ಸೂಜಿಗೆ ಮತ್ತೆ ಕ್ಯಾಪ್ ಹಾಕಲೇಬೇಡಿ. ನೇರ ಶಾರ್ಪ್ಸ್ ಡಬ್ಬಕ್ಕೆ.

ಇನ್ನೊಂದು ವಿಷಯ ಲ್ಯಾಬಿನವರಿಗೆ ಯಾರೂ ಹೇಳಿರುವುದಿಲ್ಲ. ಈ ಔಷಧ ಸ್ನಾಯುವನ್ನು ಮಾತ್ರ ನಿಲ್ಲಿಸುತ್ತದೆ, ಎಚ್ಚರವನ್ನಲ್ಲ. 1947ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಅಮೆರಿಕದ ಯೂಟಾದ ಸ್ಕಾಟ್ ಸ್ಮಿತ್ ಎಂಬ ಅರಿವಳಿಕೆ ವೈದ್ಯರು ಇದೇ ಜಾತಿಯ ಟ್ಯೂಬೋಕ್ಯುರಾರಿನ್ ಅನ್ನು ಎಚ್ಚರದಲ್ಲಿದ್ದೇ ತಮ್ಮ ಮೈಗೆ ಹಾಕಿಸಿಕೊಂಡು ನೋಡಿದರು. ಬೆರಳು ಅಲುಗಿಸಲು ಆಗಲಿಲ್ಲ, ಆದರೆ ಸುತ್ತ ನಡೆದದ್ದೆಲ್ಲ ತಿಳಿಯುತ್ತಿತ್ತು. ನೋವೂ ಗೊತ್ತಾಗುತ್ತಿತ್ತು. ಆದ್ದರಿಂದ ಲ್ಯಾಬ್‌ನಲ್ಲಿ ಯಾರಾದರೂ ಬಿದ್ದರೆ "ಪ್ರಜ್ಞೆ ತಪ್ಪಿದೆ" ಎಂದುಕೊಳ್ಳಬೇಡಿ. ಅವರಿಗೆ ಎಲ್ಲಾ ಕೇಳಿಸುತ್ತಿರುತ್ತದೆ. ಹೆಸರು ಹಿಡಿದು ಮಾತಾಡಿಸುತ್ತಾ ಇರಿ.

ಮೊದಲ ಲಕ್ಷಣ ಕಣ್ಣಿನ ರೆಪ್ಪೆ ಜೋತು ಬೀಳುವುದು, ಎರಡೆರಡು ಕಾಣಿಸುವುದು. ಆಮೇಲೆ ನುಂಗಲು, ಕತ್ತು ಎತ್ತಲು ಆಗದಿರುವುದು. ಕೊನೆಗೆ ಉಸಿರು. 108ಕ್ಕೆ ಫೋನ್ ಮಾಡಿ, ಉಸಿರು ನಿಂತರೆ ಅಂಬು ಬ್ಯಾಗ್ (ಕೈಯಿಂದ ಹಿಸುಕಿ ಉಸಿರು ಕೊಡುವ ಚೀಲ) ಹಿಡಿದು ಗಾಳಿ ಕೊಡುತ್ತಾ ಇರಿ. ಗಾಳಿ ಕೊಡುತ್ತಿದ್ದರೆ ಅವರು ಉಳಿಯುತ್ತಾರೆ, ಔಷಧ ತಾನಾಗಿ ಇಳಿಯುತ್ತದೆ. ಇದಕ್ಕೆ ಸುಗಮಾಡೆಕ್ಸ್ ಎಂಬ ಒಳ್ಳೆಯ ಮರುಮದ್ದೂ ಇದೆ, ವೆಕ್ಯುರೋನಿಯಂ ಅನ್ನು ಸುತ್ತುವರಿದು ಕಟ್ಟಿಹಾಕುತ್ತದೆ. ಆದರೆ ಅದು ಆಸ್ಪತ್ರೆಯ ಕೆಲಸ. ಅಲ್ಲಿಯವರೆಗೆ ಬೇಕಾದದ್ದು ಗಾಳಿ. ನಿಮ್ಮ ಲ್ಯಾಬ್‌ನಲ್ಲಿ ಅಂಬು ಬ್ಯಾಗ್ ಇದೆಯಾ ಮೇಡಂ? ಅದನ್ನು ಹಿಡಿಯಲು ಬರುವವರು ಪ್ರತಿ ಶಿಫ್ಟ್‌ನಲ್ಲೂ ಇದ್ದಾರಾ? ಇಲ್ಲದಿದ್ದರೆ ದಯವಿಟ್ಟು ಒಬ್ಬರೇ ಈ ಪುಡಿಯನ್ನು ತೆರೆಯಬೇಡಿ.

ಕ್ಯೂಸಿ ಹುಡುಗಿ:

ಸರ್, ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಓದಿ ಕೈ ನಡುಗಿತು. ಸೇಫ್ಟಿಯವರಿಗೆ ಬರೆದು ಕೊಟ್ಟೆ. ಅಂಬು ಬ್ಯಾಗ್ ಇಲ್ಲ.

ಪರೀಕ್ಷೆ ಮಾಡಿದೆ. ಬ್ಲೋಯರ್ ಆನ್, ಸ್ಟೀಲ್ ವೇಟ್: ಕೊನೆಯ ಅಂಕಿ ಒಂದು ಹೆಚ್ಚು ಕಡಿಮೆ, ಅಷ್ಟೇ. ಪ್ಲಾಸ್ಟಿಕ್ ಬೋಟ್: ಖಾಲಿ ಇದ್ದರೂ 0.08 ಅಲೆದಾಡಿತು! ರೂಮಿನ ತೇವಾಂಶ 31 ಶೇಕಡ. ಫೆಬ್ರವರಿ, ಮೇಲೆ ಎಸಿ ಬೇರೆ. ಅಂದ್ರೆ ಇಷ್ಟು ದಿನ ಸುಮ್ನೆ ಬ್ಲೋಯರ್‌ಗೆ ಬೈದೆವಾ?

ಹಳೇ ಬ್ಯಾಲೆನ್ಸ್:

ಹೌದಮ್ಮ, ಸ್ಟ್ಯಾಟಿಕ್ಕೇ. ಪುಡಿ ಹಾರಿ ಗಾಜಿಗೆ ಅಂಟಿದ್ದೂ ಅದರಿಂದಲೇ. ಬ್ಲೋಯರ್ ಆಫ್ ಮಾಡಿದರೂ ಪುಡಿ ಹಾರಿತಲ್ಲ, ಅಲ್ಲೇ ಸುಳಿವಿತ್ತು. ತೇವಾಂಶ 40ಕ್ಕಿಂತ ಕೆಳಗೆ ಹೋದರೆ ಪ್ಲಾಸ್ಟಿಕ್ ಹೀಗೇ ಆಡುತ್ತದೆ. ರೂಮನ್ನು 45ರಿಂದ 60ರ ನಡುವೆ ಇಡಲು ಎಂಜಿನಿಯರಿಂಗ್‌ನವರನ್ನು ಕೇಳು.

ಈಗ ಮಾಡಬೇಕಾದ್ದು. ಪ್ಲಾಸ್ಟಿಕ್ ಬೋಟ್ ಬಿಟ್ಟುಬಿಡು. ಮುಚ್ಚಳ ಇರುವ ಸಣ್ಣ ಗಾಜಿನ ವಯಲ್ ತಗೋ. ಗಾಜಿಗೂ ಸ್ಟ್ಯಾಟಿಕ್ ಬರುತ್ತದೆ, ಆದ್ದರಿಂದ ಪುಡಿ ತೆರೆಯುವ ಮೊದಲೇ ಅಯೋನೈಜರ್ (ಸ್ಟ್ಯಾಟಿಕ್ ಕಳೆಯುವ ಸಾಧನ) ಮುಂದೆ ಹಿಡಿ. ಫ್ಯಾನ್ ಇಲ್ಲದ ಅಯೋನೈಜರ್ ಆಗಿರಲಿ. ಫ್ಯಾನ್ ಇರುವುದು ಪುಡಿಯನ್ನೇ ಊದಿಬಿಡುತ್ತದೆ. ಖಾಲಿ ವಯಲ್ ಮುಚ್ಚಳದ ಸಮೇತ ತೂಗು. ಬ್ಯಾಲೆನ್ಸ್‌ನಿಂದ ತೆಗೆದು, ಎನ್‌ಕ್ಲೋಷರ್ ಒಳಗೇ ಪುಡಿ ಹಾಕಿ ಮುಚ್ಚು. ಹೊರಮೈ ಒರೆಸಿ ಮತ್ತೆ ತೂಗು. ವ್ಯತ್ಯಾಸವೇ ನಿನ್ನ ತೂಕ. ಬ್ಯಾಲೆನ್ಸ್ ಮೇಲೆ ಪುಡಿ ತೆರೆದುಕೊಂಡು ಇರುವುದೇ ಇಲ್ಲ. ಆಮೇಲೆ ದ್ರಾವಕವನ್ನು ಆ ವಯಲ್‌ಗೇ ಹಾಕಿ ಕರಗಿಸಿ, ತೊಳೆದು ತೊಳೆದು ಫ್ಲಾಸ್ಕ್‌ಗೆ ಬಗ್ಗಿಸು. ಕೈಗೆ ನೈಟ್ರೈಲ್ ಗ್ಲೌಸ್ ಎರಡು ಪದರ. ಮೇಲಿನದನ್ನು ಎನ್‌ಕ್ಲೋಷರ್ ಒಳಗೇ ಕಳಚು.

ಇನ್ನೊಂದು ಲೆಕ್ಕ ನೋಡು. ಯುಎಸ್‌ಪಿಯ (ಅಮೆರಿಕದ ಔಷಧ ಮಾನಕ ಗ್ರಂಥ) 41ನೇ ಅಧ್ಯಾಯದ ಪ್ರಕಾರ ಕನಿಷ್ಠ ತೂಕ ಅಂದ್ರೆ ಸ್ಟ್ಯಾಂಡರ್ಡ್ ಡೀವಿಯೇಷನ್‌ನ (ಒಂದೇ ವೇಟ್‌ನ ರೀಡಿಂಗ್‌ಗಳು ಎಷ್ಟು ಚದುರುತ್ತವೆ ಎಂಬ ಅಳತೆ) 2000 ಪಟ್ಟು. ಬ್ಯಾಲೆನ್ಸ್ ಎಷ್ಟೇ ಚೆನ್ನಾಗಿದ್ದರೂ ಡೀವಿಯೇಷನ್ ಅನ್ನು ಅದು ತೋರಿಸುವ ಅತಿ ಸಣ್ಣ ತೂಕದ 0.41 ಪಟ್ಟಿಗಿಂತ ಕಡಿಮೆ ಹಿಡಿಯುವಂತಿಲ್ಲ. ನಿನ್ನ ಬ್ಯಾಲೆನ್ಸ್‌ಗೆ ಅದು 0.0041 ಮಿ.ಗ್ರಾಂ, ಕನಿಷ್ಠ ತೂಕ 8.2 ಮಿ.ಗ್ರಾಂ. 10 ಅಂದ್ರೆ ಅಂಚಿನಲ್ಲೇ ಇದ್ದೀಯ. ಬ್ಲೋಯರ್ ಆನ್ ಇಟ್ಟೇ ಹತ್ತು ಸಲ ಒಂದೇ ವೇಟ್ ತೂಗಿ ಡೀವಿಯೇಷನ್ ತೆಗೆ.

ಕ್ಯೂಸಿ ಹುಡುಗಿ:

ವಾರದ ನಂತರ ಬರೆಯುತ್ತಿದ್ದೇನೆ. ಡೀವಿಯೇಷನ್ 0.006 ಬಂತು, ಅಂದ್ರೆ ಕನಿಷ್ಠ 12 ಮಿ.ಗ್ರಾಂ. ಸ್ಟ್ಯಾಂಡರ್ಡ್ ತೂಕ 20ಕ್ಕೆ ಏರಿಸಿ, ಫ್ಲಾಸ್ಕ್ ಎರಡು ಪಟ್ಟು ದೊಡ್ಡದು ಮಾಡಲು ಚೇಂಜ್ ಕಂಟ್ರೋಲ್ (ವಿಧಾನ ಬದಲಿಸಲು ಅನುಮತಿ ಅರ್ಜಿ) ಹಾಕಿದ್ದೇವೆ. ಮುಚ್ಚಿದ ವಯಲ್‌ನಲ್ಲಿ ರೀಡಿಂಗ್ ಹತ್ತು ಸೆಕೆಂಡಿಗೆ ನಿಲ್ಲುತ್ತದೆ. ಸೀನಿಯರ್ ಕೂಡ ಬಂದು ನೋಡಿ ಒಪ್ಪಿದರು. ಅಂಬು ಬ್ಯಾಗ್ ಬಂತು, ಶನಿವಾರ ತರಬೇತಿ ಇದೆ.

ಕೊನೆಯ ಪ್ರಶ್ನೆ. ಉಳಿದ ದ್ರಾವಣ ಎರಡು ದಿನಕ್ಕೆ ಕೆಡುತ್ತದೆ, ಸಿಂಕ್‌ಗೆ ಹಾಕಬಹುದು ಅನ್ನುತ್ತಾರೆ. ಫ್ಲಾಸ್ಕ್ ಮೇಲೆ "ವೆಕ್" ಅಂತ ಬರೆದರೆ ಸಾಕಾ?

ಹಳೇ ಬ್ಯಾಲೆನ್ಸ್:

ಎರಡಕ್ಕೂ ಬೇಡ ಎನ್ನುತ್ತೇನೆ. ದ್ರಾವಣದಲ್ಲಿ ವೆಕ್ಯುರೋನಿಯಂ ಒಡೆಯುವುದು ನಿಜ. ಅದಕ್ಕೇ ಅಲ್ವಾ ಅದು ಒಣ ಪುಡಿಯಾಗಿ ವಯಲ್‌ನಲ್ಲಿ ಬರುವುದು? ಆದರೆ ಒಡೆದು ಬರುವ 3-ಡೆಸ್‌ಅಸಿಟೈಲ್ ರೂಪಕ್ಕೂ ಮೂಲದ ಶಕ್ತಿಯ ಅರ್ಧಕ್ಕಿಂತ ಕಡಿಮೆಯೇನೂ ಇಲ್ಲ. ಅಸ್ಸೇಯಲ್ಲಿ ಕೆಟ್ಟಿದೆ ಎಂದರೆ ಸ್ನಾಯುವಿಗೆ ಕೆಟ್ಟಿದೆ ಎಂದಲ್ಲ. ಮುಚ್ಚಿದ ಡಬ್ಬಕ್ಕೆ ಹಾಕಿ ಸುಡಲು ಕಳಿಸಿ. ಚೆಲ್ಲಿದ ಪುಡಿಯನ್ನು ಒಣ ಬ್ರಷ್‌ನಿಂದ ಗುಡಿಸಬೇಡಿ. ಒದ್ದೆ ಬಟ್ಟೆಯಿಂದ ಎರಡು ಸಲ ಒರೆಸಿ, ಆ ಬಟ್ಟೆಯೂ ಅದೇ ಡಬ್ಬಕ್ಕೆ.

ಹೆಸರಿನ ಬಗ್ಗೆ ಓಟಿಯವರೇ ಹೇಳಲಿ.

ಓಟಿ ಟೆಕ್ನಿಷಿಯನ್:

ಮೇಡಂ, 2017ರ ಡಿಸೆಂಬರ್‌ನಲ್ಲಿ ಅಮೆರಿಕದ ನ್ಯಾಶ್‌ವಿಲ್‌ನಲ್ಲಿ ಒಬ್ಬ ನರ್ಸ್ ವರ್ಸೆಡ್ ಎಂಬ ಶಮನಕಾರಿ ಹುಡುಕುತ್ತಾ ಔಷಧದ ಕಪಾಟಿನ ಯಂತ್ರದಲ್ಲಿ ಮೊದಲ ಎರಡು ಅಕ್ಷರ ಒತ್ತಿದರು. ಹೊರಗೆ ಬಂದದ್ದು ವೆಕ್ಯುರೋನಿಯಂ. ಸ್ಕ್ಯಾನ್‌ಗೆ ಕಾಯುತ್ತಿದ್ದ ರೋಗಿ ತೀರಿಕೊಂಡರು. ಎರಡು ಅಕ್ಷರಕ್ಕೆ. ಪೂರ್ತಿ ಹೆಸರು ಬರೆಯಿರಿ, ಪಕ್ಕದಲ್ಲಿ ಸಾಂದ್ರತೆ, ತಾರೀಖು. ಕೆಳಗೆ ಕೆಂಪು ಅಕ್ಷರದಲ್ಲಿ "ಉಸಿರು ನಿಲ್ಲಿಸುವ ಔಷಧ" ಎಂದು ಕನ್ನಡದಲ್ಲೂ ಬರೆಯಿರಿ. ಫ್ಲಾಸ್ಕ್ ತೊಳೆಯುವ ಅಕ್ಕ ಅದನ್ನು ಓದಬೇಕು.